ರೆಕ್ಕೆ ಬಿಚ್ಚಿದ ಆಲ್ಬಟ್ರಾಸ್

"ಗುರುಗಳೇ, ನನ್ನಿಂದ ಒಬ್ಬರಿಗೆ ಕೇಡಾಯಿತು. ಆದರೆ ಅದರಿಂದಲೇ ಹಲವರಿಗೆ ಒಳಿತಾಯಿತು. ಕೇಡು ತೀರಿಹೋಯಿತೆಂದು ತಿಳಿಯಬಹುದೇ?" ಎಂದು ಶಿಷ್ಯ ಸೋಮಲಿಂಗ ಕೇಳಿದ.

ಆ ಒಬ್ಬರು ಯಾರೆಂದು ಗುರುಗಳು ವಿಚಾರಿಸಲಿಲ್ಲ. ಕುಳಿತುಕೊಳ್ಳಲು ಹೇಳಿ ಕತೆಗೆ ತೊಡಗಿದರು.

ಒಬ್ಬ ಛಾಯಾಗ್ರಾಹಕನಿದ್ದ. ಹಕ್ಕಿಗಳ ಚಿತ್ರ ತೆಗೆಯುವುದೇ ಅವನ ಬದುಕಾಗಿತ್ತು. ದಕ್ಷಿಣದ ಕಡಲಿನಲ್ಲಿ ಒಂದು ಬಗೆಯ ಆಲ್ಬಟ್ರಾಸ್ ಇದೆಯೆಂದು ಅವನು ಕೇಳಿದ್ದ. ಅದು ಬಲು ದೊಡ್ಡ ಹಕ್ಕಿ. ಬಹುಕಾಲ ನೀರಿನ ಮೇಲೆಯೇ ಹಾರಿಕೊಂಡಿದ್ದು, ಗೂಡು ಕಟ್ಟಲು ಮಾತ್ರ ನೆಲಕ್ಕೆ ಇಳಿಯುತ್ತದೆ. ಇಡೀ ಭೂಮಿಯಲ್ಲಿ ಅದು ಇಳಿಯುವುದು ಒಂದು ದ್ವೀಪದ ಒಂದು ಇಳಿಜಾರಿನಲ್ಲಿ ಮಾತ್ರ. ಒಂದು ಜೋಡಿ ಒಮ್ಮೆಗೆ ಇಡುವುದು ಒಂದೇ ಮೊಟ್ಟೆ. ಮೀನಿಗೆಂದು ಬಿಟ್ಟ ಗಾಳಗಳನ್ನು ನುಂಗಿ ಆ ಹಕ್ಕಿಯ ಕುಲವೇ ಕರಗುತ್ತ ಬಂದಿತ್ತು. ಆದರೆ ಅದನ್ನು ಕಂಡವರೇ ವಿರಳವಾದ್ದರಿಂದ ಅದರ ಸಾವಿಗೆ ಮರುಗುವವರೂ ಇರಲಿಲ್ಲ.

ಛಾಯಾಗ್ರಾಹಕ ವರ್ಷಗಟ್ಟಲೆ ಅಲೆದು ಅಪ್ಪಣೆ ಪಡೆದು ಆ ದ್ವೀಪಕ್ಕೆ ಹೋದ. ಅಲ್ಲೊಬ್ಬಳು ಕಾವಲುಗಾರ್ತಿ ಇದ್ದಳು. ಅವಳು ಗೂಡುಗಳ ಸುತ್ತ ಸಾಲಾಗಿ ಇಟ್ಟಿದ್ದ ಬಿಳಿಗಲ್ಲುಗಳನ್ನು ತೋರಿಸಿ, "ಇದರಾಚೆ ಕಾಲಿಡಬೇಡಿ. ಹಕ್ಕಿ ಎದ್ದರೆ ಮೊಟ್ಟೆ ಉಳಿಯುವುದಿಲ್ಲ" ಎಂದಳು. ಮೊಟ್ಟೆ ಕದಿಯುವ ಕಂದು ಬಣ್ಣದ ಕಳ್ಳಹಕ್ಕಿಗಳು ಮೇಲೆ ಸುತ್ತುತ್ತಿದ್ದುದನ್ನು ಅವನೂ ಕಂಡ. ತಲೆಯಾಡಿಸಿದ.

ಅವನು ಇದ್ದಷ್ಟು ದಿನವೂ ಮಂಜು ಮುಸುಕಿತ್ತು. ಹೊರಡುವ ದಿನ ಬೆಳಗ್ಗೆ ಅದು ಸರಿದು, ಇಳಿಜಾರಿನ ಮೇಲೆ ಬಿಸಿಲು ಬಿತ್ತು. ಕಾವಲುಗಾರ್ತಿ ದೋಣಿಯನ್ನು ಎದುರುಗೊಳ್ಳಲು ದಡಕ್ಕೆ ಇಳಿದಿದ್ದಳು. ಹತ್ತಿರದ ಗೂಡಿನಲ್ಲಿ ಒಂದು ಹಕ್ಕಿ ಬೆನ್ನಿನ ಗರಿಗಳಲ್ಲಿ ಕೊಕ್ಕು ಹುದುಗಿಸಿ ಕೂತಿತ್ತು. ಅವನು ಕಾದ. ಅದು ಮುಖವೆತ್ತಲಿಲ್ಲ. ಇನ್ನೊಮ್ಮೆ ಇಲ್ಲಿಗೆ ಬರುವುದು ತನ್ನಿಂದಾಗದು ಎಂದು ಅವನಿಗೆ ಗೊತ್ತಿತ್ತು. ಅವನು ಕಲ್ಲಿನ ಸಾಲು ದಾಟಿದ.

ಹಕ್ಕಿ ಬೆಚ್ಚಿ ಎದ್ದು ನಿಂತು, ಎರಡೂ ರೆಕ್ಕೆಗಳನ್ನು ಪೂರ್ತಿ ಬಿಚ್ಚಿತು. ಅವುಗಳ ಅಂಚಿನಲ್ಲಿ ಬಿಸಿಲು ಹರಿಯಿತು. ಅವನು ಚಿತ್ರ ತೆಗೆದ. ಅಷ್ಟರಲ್ಲಿ ಕಳ್ಳಹಕ್ಕಿಯೊಂದು ಎರಗಿ ಮೊಟ್ಟೆ ಕಚ್ಚಿಕೊಂಡು ಹೋಯಿತು. ಅವನು ಹಿಂದೆ ಸರಿದು ನೋಡಿದ. ಹಕ್ಕಿ ಮತ್ತೆ ಗೂಡಿಗೆ ಬಂದು, ಮೊಟ್ಟೆ ಇದ್ದ ಜಾಗವನ್ನು ಕೊಕ್ಕಿನಿಂದ ತಡವಿ, ಮೆಲ್ಲಗೆ ಮೈ ಹರಡಿ ಬರಿಯ ಗೂಡಿನ ಮೇಲೆ ಕೂತಿತು.

ಅವನು ನಡೆದದ್ದನ್ನು ಯಾರಿಗೂ ಹೇಳದೆ ದೋಣಿ ಹತ್ತಿದ.

ಚಿತ್ರ ಲೋಕವನ್ನೆಲ್ಲ ಸುತ್ತಿತು. ಹಕ್ಕಿಯ ಹೆಸರೇ ಅರಿಯದವರೂ ಅದನ್ನು ಮನೆಯ ಗೋಡೆಗೆ ತೂಗುಹಾಕಿದರು. ಇಂಥ ಜೀವ ಗಾಳಕ್ಕೆ ಸಿಕ್ಕಿ ಸಾಯಬಾರದೆಂದು ದನಿಯೆದ್ದಿತು. ಆ ಕಡಲಿನಲ್ಲಿ ಗಾಳ ಬಿಡುವುದನ್ನೇ ನಿಲ್ಲಿಸಿದರು. ಹಕ್ಕಿಗಳು ಹೆಚ್ಚಿದವು. ಒಂದು ಕುಲವನ್ನೇ ಉಳಿಸಿದವನೆಂದು ಜನ ಅವನಿಗೆ ಕೈಮುಗಿದರು. ರೆಕ್ಕೆ ಬಿಚ್ಚಿ ಸಂಗಾತಿಯನ್ನು ಕರೆಯುತ್ತಿತ್ತೇ ಎಂದು ಕೇಳಿದವರಿಗೆ ಅವನು ಹೌದೆನ್ನುತ್ತಿದ್ದ. ಕೊನೆಕೊನೆಗೆ ಅದು ಸುಳ್ಳೆಂದು ಅವನಿಗೆ ಅನ್ನಿಸುತ್ತಲೂ ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಆ ದ್ವೀಪದಿಂದಲೇ ಅವನಿಗೆ ಕರೆ ಬಂತು. ಅವನು ಹೋಗಿ ನೋಡಿದಾಗ ಇಳಿಜಾರಿನ ತುಂಬ ಗೂಡುಗಳಿದ್ದವು. ಅವನ ಕಣ್ಣು ತುಂಬಿತು. ಆದರೆ ಕಲ್ಲುಸಾಲಿನ ಪಕ್ಕದ ಮೊಟ್ಟೆಯಿಲ್ಲದ ಗೂಡಿನಲ್ಲಿ ಒಂದು ಹಕ್ಕಿ ಮಾತ್ರ ಒಂಟಿಯಾಗಿ ಕೂತಿತ್ತು.

"ಅಮ್ಮಾ, ಇದರ ಜೋಡಿ ಎಲ್ಲಿ?" ಎಂದು ಜೊತೆಗೆ ಬಂದಿದ್ದ ಅದೇ ಕಾವಲುಗಾರ್ತಿಯನ್ನು ಕೇಳಿದ.

"ನಿಮ್ಮ ಚಿತ್ರದ ಹಕ್ಕಿ ಇದೇ. ಕಾಲಿನ ಗುರುತಿನ ಬಳೆ ನೋಡಿ, ನಾನೇ ತೊಡಿಸಿದ್ದು" ಎಂದಳು ಕಾವಲುಗಾರ್ತಿ. "ನೀವು ಬಂದಿದ್ದ ವರ್ಷವೇ ಇದರ ಜೋಡಿ ಗಾಳಕ್ಕೆ ಸಿಕ್ಕಿ ಸತ್ತಿತು. ಇದು ಮತ್ತೆ ಜೋಡಿ ಕಟ್ಟಲಿಲ್ಲ. ಆ ವರ್ಷದ ಮೊಟ್ಟೆ ಹೇಗೆ ಹೋಯಿತೋ ತಿಳಿಯದು. ಅದೇ ಕಡೆಯದಾಯಿತು. ಈಗಲೂ ಬರುತ್ತದೆ, ಗೂಡು ಕಟ್ಟುತ್ತದೆ, ಕೂರುತ್ತದೆ."

ಸುಮ್ಮನಿದ್ದುಬಿಡಬಹುದಿತ್ತು. ಆದರೂ ಹೇಳಿದ: "ನಾನು ಕಲ್ಲು ದಾಟಿದ್ದೆ. ಮೊಟ್ಟೆ ಹೋದದ್ದು ನನ್ನಿಂದ."

ಅವಳು ಬೈಯಲಿಲ್ಲ. "ಉಳಿದವೆಲ್ಲ ಬದುಕಿದ್ದೂ ನಿಮ್ಮಿಂದಲೇ" ಎಂದಷ್ಟೇ ಹೇಳಿ ದಡದ ಕಡೆಗೆ ನಡೆದಳು. ಅವನು ಕ್ಯಾಮೆರಾ ಹೊರಗೆ ತೆಗೆಯಲಿಲ್ಲ. ದೋಣಿಯವರು ಕೂಗಿ ಕರೆಯುವವರೆಗೂ ಅಲ್ಲೇ ನಿಂತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಸೋಮಲಿಂಗನ ಮುಖ ತುಸು ಹಗುರಾಗಿತ್ತು. "ಹಾಗಾದರೆ ತೂಗಿ ನೋಡಿದರೆ ಒಳಿತೇ ಹೆಚ್ಚಾಯಿತಲ್ಲವೇ, ಗುರುಗಳೇ? ಹೋದದ್ದು ಒಂದು ಮೊಟ್ಟೆ. ಉಳಿದ ಮರಿಗಳೆಷ್ಟು!" ಎಂದ.

ಗುರುಗಳು ಹೇಳಿದರು: "ಆ ಮರಿಗಳಲ್ಲಿ ಯಾವುದನ್ನು ತಂದು ಆ ಒಂಟಿ ಹಕ್ಕಿಯ ಗೂಡಿನಲ್ಲಿ ಇಡುತ್ತೀಯೆ?"