ಕೂಸಿನ ಚಾಪೆ

“ಗುರುಗಳೇ, ನಮ್ಮ ಊರಿನ ಸಂಧಾನಕಾರರ ಸಂಘ ಚೆನ್ನಾಗಿ ಬೆಳೆಯುತ್ತಿದೆ. ಈ ವರ್ಷ ಸೇರಿದವರಿಗೆ ಕೂರಲು ಕುರ್ಚಿ ಸಾಲುತ್ತಿಲ್ಲ. ಜಗಳ ಬಿಡಿಸುವವರು ಇಷ್ಟು ಜನ ಒಂದೆಡೆ ಸೇರುವುದು ಒಳ್ಳೆಯದೇ ಅಲ್ಲವೇ?” ಎಂದು ಶಿಷ್ಯ ಕೇಳಿದ. ಅವನು ಆ ಸಂಘದ ಕಾರ್ಯದರ್ಶಿ.

ಗುರುಗಳು ನಕ್ಕರು. “ಒಳ್ಳೆಯದೇ. ಜನ ಕೋರ್ಟಿನ ಮೆಟ್ಟಿಲು ಹತ್ತುವ ಬದಲು ನಿಮ್ಮ ಮುಂದೆ ಕೂತು ಮಾತಾಡುತ್ತಾರಲ್ಲ, ಸಂತೋಷ. ಆದರೆ ನೀನು ಕೇಳಲು ಬಂದದ್ದು ಉತ್ತರವನ್ನಲ್ಲ, ಶಹಭಾಸ್‌ಗಿರಿಯನ್ನು. ಅದನ್ನು ಆಮೇಲೆ ಕೊಡುತ್ತೇನೆ. ಮೊದಲು ಒಂದು ಕತೆ ಕೇಳು.”

ಒಂದು ಊರಿನಲ್ಲಿ ನ್ಯಾಯ ಹೇಳುವವರ ಕೂಟವಿತ್ತು. ಊರ ಮುಂದಿನ ಕಲ್ಲುಮಂಟಪದಲ್ಲಿ ಅವರು ಸೇರುತ್ತಿದ್ದರು. ಜಗಳವಾಡಿದ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಇಬ್ಬರೂ ಒಪ್ಪುವ ತನಕ ಮಾತಾಡಿಸುತ್ತಿದ್ದರು. ಒಪ್ಪಿದ ಮೇಲೆ ಇಬ್ಬರ ಕೈಗೂ ವೀಳ್ಯ ಕೊಡುತ್ತಿದ್ದರು. ವೀಳ್ಯ ಕೊಟ್ಟರೆ ಮಾತು ಮುಗಿಯಿತು. ಆಮೇಲೆ ಕೂಟದವರು ಯಾರಾದರೂ ಆ ಜಗಳದ ಬಗ್ಗೆ ಬಾಯಿ ತೆರೆದರೆ ಅವರಿಗೆ ಕೂಟದಲ್ಲಿ ಜಾಗವಿಲ್ಲ. ನಿಯಮ ಕಠಿಣವೇ. ಆದರೆ ಅದಿಲ್ಲದಿದ್ದರೆ ಯಾವ ಜಗಳವೂ ಮುಗಿಯುವುದಿಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ಮಂಟಪದಲ್ಲಿ ಒಂದು ಚಾಪೆಯನ್ನು ಖಾಲಿ ಬಿಡುತ್ತಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಿನಗೆ ಗೊತ್ತಲ್ಲ? ಆ ಕೂಸಿನ ಚಾಪೆ ಅದು. ಯಾವ ಜಗಳದಲ್ಲೂ ಅಂಥದೊಂದು ಕೂಸು ಇದ್ದೇ ಇರುತ್ತದೆ. ಕೆಲವು ಸಲ ಅದರ ತಲೆ ನರೆತಿರುತ್ತದೆ, ಅಷ್ಟೇ. ವೀಳ್ಯ ಕೊಡುವ ಮುಂಚೆ ಹಿರಿಯರು ಆ ಚಾಪೆಯನ್ನೊಮ್ಮೆ ನೋಡಿ, ‘ಇಲ್ಲಿ ಕೂರಬೇಕಾದವರು ಯಾರು?’ ಎಂದು ಕೇಳುತ್ತಿದ್ದರು.

ಕೂಟಕ್ಕೆ ಒಳ್ಳೆಯ ಹೆಸರು ಬಂತು. ಸೇರುವವರು ಹೆಚ್ಚಿದರು. ಬಂದವರೆಲ್ಲ ಒಳ್ಳೆಯವರೇ, ನಾಲ್ಕು ಮನೆಗೆ ಉಪಕಾರವಾಗಲಿ ಎಂದೇ ಬಂದವರು. ಆದರೆ ಕಲ್ಲುಮಂಟಪ ಬೆಳೆಯುತ್ತದೆಯೇ? ಒತ್ತಿಕೊಂಡು ಕೂತರು, ಮೊಣಕಾಲು ಮಡಚಿ ಕೂತರು. ಕೊನೆಗೊಂದು ದಿನ ಹೊಸಬನೊಬ್ಬನನ್ನು ಆ ಖಾಲಿ ಚಾಪೆಯ ಮೇಲೆ ಕೂರಿಸಿದರು. ‘ಇವತ್ತೊಂದು ದಿನ’ ಎಂದರು. ಇವತ್ತೊಂದು ದಿನ ಎಂದದ್ದು ಯಾವತ್ತು ಒಂದೇ ದಿನಕ್ಕೆ ಮುಗಿದಿದೆ? ಚಾಪೆಯ ಮೇಲೆ ಆಳು ಕೂತಿದ್ದರಿಂದ, ಹಳೆಯ ಪ್ರಶ್ನೆ ಕೇಳುವುದೂ ಹಿರಿಯರಿಗೆ ಮರೆತುಹೋಯಿತು.

ಆ ಹೊಸಬ ಒಬ್ಬ ನೇಕಾರ. ಮಂಟಪದ ಹೊರಗೆ ನಿಂತು ವರ್ಷಗಟ್ಟಲೆ ನ್ಯಾಯ ಕೇಳಿಸಿಕೊಂಡವನು. ಕೂಟಕ್ಕೆ ಸೇರಬೇಕೆಂಬುದು ಅವನ ಬಹುದಿನದ ಆಸೆ. ‘ಮಗ್ಗ ಬಿಟ್ಟು ಇವನಿಗೇಕೆ ಊರ ಉಸಾಬರಿ?’ ಎಂದು ಜನ ಆಡಿಕೊಂಡದ್ದೂ ಉಂಟು. ಚಾಪೆ ಸಿಕ್ಕ ದಿನ ಅವನ ಹೆಂಡತಿ ಬೀದಿಗೆಲ್ಲ ಬೆಲ್ಲ ಹಂಚಿದಳು.

ಹೀಗಿರುವಾಗ ಗಾಣದ ಮನೆಯ ಅಣ್ಣತಮ್ಮಂದಿರು ಮನೆ ಪಾಲು ಮಾಡಿಸಿಕೊಳ್ಳಲು ಬಂದರು. ತಂದೆತಾಯಿ ಸತ್ತಮೇಲೆ ಅವರನ್ನು ಸಾಕಿದವಳು ವಿಧವೆ ಸೋದರತ್ತೆ. ಈಗ ಇಬ್ಬರೂ ಕೈಕೈ ಮಿಲಾಯಿಸಿದ್ದರು. ಕೂಟದವರು ತಾಳ್ಮೆಯಿಂದ ಮಾತಾಡಿಸಿದರು. ಅಣ್ಣನಿಗೆ ಗಾಣವಿರುವ ಮುಂಭಾಗ, ತಮ್ಮನಿಗೆ ಕೊಟ್ಟಿಗೆಯಿರುವ ಹಿಂಭಾಗ, ನಡುವಿನ ಅಡುಗೆಮನೆಯ ಮಧ್ಯೆ ಒಂದು ಗೋಡೆ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಇಬ್ಬರೂ ಒಪ್ಪಿದರು. ವೀಳ್ಯ ಕೊಟ್ಟದ್ದಾಯಿತು. ಅಣ್ಣತಮ್ಮ ಅಪ್ಪಿಕೊಂಡು ಅತ್ತರು.

ಸೋದರತ್ತೆ ಎಲ್ಲರಿಗೂ ಮಜ್ಜಿಗೆ ತಂದಿದ್ದಳು. ಒಬ್ಬೊಬ್ಬರಿಗೂ ಬಗ್ಗಿ ಕೊಟ್ಟಳು. ಕುಡಿದವರು ಮಜ್ಜಿಗೆಯನ್ನು ಹೊಗಳಿದರು. ನೇಕಾರನ ಮುಂದೆ ಬಂದಾಗ ಸೊಂಟದ ಮೇಲೆ ಕೈಯಿಟ್ಟು ನಿಂತಳು.

‘ದಣಿದಿದ್ದೀಯ, ಕೂತ್ಕೊಳವ್ವ’ ಎಂದ ನೇಕಾರ.

‘ಎಲ್ಲಿ ಕೂರ್ಲಪ್ಪ?’ ಎಂದಳು ಮೆಲ್ಲಗೆ. ‘ನಾನು ಮಲಗೋದೂ ಆ ಅಡುಗೆಮನೇಲೇ. ಗೋಡೆ ಬಂದ್ಮೇಲೆ ಯಾವ ಕಡೆ ಇರ್ಬೇಕು ಅಂತ ಯಾರಾದ್ರೂ ಹೇಳ್ತಾರೇನೋ ಅಂತ ಬೆಳಗ್ಗೆಯಿಂದ ಕಾಯ್ತಿದೀನಿ.’

ಅದು ಕೇಳಿಸಿದ್ದು ಅವನೊಬ್ಬನಿಗೇ. ವೀಳ್ಯ ಕೊಟ್ಟಾಗಿದೆ, ಈಗ ಬಾಯಿ ತೆರೆದರೆ ಚಾಪೆ ಹೋಗುತ್ತದೆ. ಹೆಂಡತಿ ಹಂಚಿದ ಬೆಲ್ಲದ ಸಿಹಿ ಬೀದಿಯವರ ಬಾಯಿಂದ ಇನ್ನೂ ಹೋಗಿಲ್ಲ. ಸುಮ್ಮನಿದ್ದರೆ, ಆ ಮುದುಕಿಗೆ ತಾನು ದೀಪ ಹಚ್ಚಿದ ಮನೆಯಲ್ಲೇ ಜಾಗವಿಲ್ಲ.

ನೇಕಾರ ಎದ್ದ. ಬೇಡ ಎಂದು ಹಿರಿಯರು ಕಣ್ಣಲ್ಲೇ ಹೇಳಿದರು. ಅವನು ಚಾಪೆಯ ದೂಳು ಕೊಡವಿ, ಅವಳ ಕೈಹಿಡಿದು ಅದರ ಮೇಲೆ ಕೂರಿಸಿದ. ಹಿಂದೆ ಹಿರಿಯರು ಕೇಳುತ್ತಿದ್ದ ಮಾತನ್ನು ತಾನೇ ಗಟ್ಟಿಯಾಗಿ ಕೇಳಿದ: ‘ಇಲ್ಲಿ ಕೂರಬೇಕಾದವರು ಯಾರು?’

ಅಣ್ಣತಮ್ಮಂದಿರು ಅತ್ತೆಯನ್ನು ನೋಡಿದರು. ಆಮೇಲೆ ತಲೆ ತಗ್ಗಿಸಿದರು. ಪಾಲಿನ ಮಾತು ಮೊದಲಿನಿಂದ ಶುರುವಾಯಿತು. ಸಂಜೆಯ ಹೊತ್ತಿಗೆ ಅಡುಗೆಮನೆ ಅತ್ತೆಯದು ಎಂದಾಯಿತು. ಅದಕ್ಕೆ ಅಣ್ಣನ ಮನೆಯಿಂದ ಒಂದು ಬಾಗಿಲು, ತಮ್ಮನ ಮನೆಯಿಂದ ಒಂದು ಬಾಗಿಲು.

ಗುರುಗಳು ಕತೆ ನಿಲ್ಲಿಸಿದರು.

“ನೇಕಾರ ಏನಾದ?” ಎಂದು ಶಿಷ್ಯ ಕೇಳಿದ.

“ನಿಯಮ ನಿಯಮವೇ. ಹಿರಿಯರು ಕಣ್ಣೊರೆಸಿಕೊಂಡು ಅವನನ್ನು ಕಳುಹಿಸಿಕೊಟ್ಟರು. ಆ ಚಾಪೆಯ ಮೇಲೆ ಮತ್ತೆ ಹೊಸಬರನ್ನು ಕೂರಿಸಲಿಲ್ಲ. ನೇಕಾರ ಮೊದಲಿನಂತೆ ಮಂಟಪದ ಹೊರಗೆ ನಿಂತು ನ್ಯಾಯ ಕೇಳತೊಡಗಿದ.”

“ಪಾಪ! ಅಷ್ಟೊಂದು ಜನ ಸೇರಿದ ವರ್ಷ ಅವನೊಬ್ಬನೇ ಹೊರಗುಳಿದನಲ್ಲ, ಗುರುಗಳೇ.”

“ಇಲ್ಲಪ್ಪ, ಆ ವರ್ಷ ಕೂಟಕ್ಕೆ ಸೇರಿದವನು ಅವನೊಬ್ಬನೇ.”