ಉತ್ತರಕ್ಕೆ ನಿಲ್ಲದ ಹುಂಜ

ಮಕ್ಕಳೇ, ಒಂದು ಕುರುಚಲು ಕಾಡಿನ ನಡುವೆ ದೊಡ್ಡ ಕೆರೆಯಿತ್ತು. ಕೆರೆಗೆ ಮಣ್ಣಿನ ಏರಿ. ಏರಿಯ ಕೆಳಗಡೆ ಮೊಲ, ಮುಂಗುಸಿ, ಕಾಡುಕೋಳಿಯಂಥ ಬಡಪಾಯಿಗಳು ಬದುಕಿಕೊಂಡಿದ್ದರು. ಆ ಕಾಡಿಗೆ ರಾಜನಿರಲಿಲ್ಲ. ನಮ್ಮ ಹಾಗೆಯೇ ಅವರೂ ತಮ್ಮವರನ್ನು ಆರಿಸಿ ಸದನಕ್ಕೆ ಕಳಿಸುತ್ತಿದ್ದರು. ಕಳಿಸಿದ ಮೇಲೆ ನಮ್ಮ ಹಾಗೆಯೇ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು.

ಕಾಡುಕೋಣ ಮುಖ್ಯಮಂತ್ರಿ. ಅವರು ಹೆಚ್ಚಾಗಿ ಕೆಸರಿನಲ್ಲಿ ಮಲಗಿರುತ್ತಿದ್ದರು. ಮಾತಾಡುವ ಕೆಲಸವೆಲ್ಲ ಮಂತ್ರಿ ನರಿಯಪ್ಪನದು. ಸಭಾಧ್ಯಕ್ಷ ಆಮೆಯಜ್ಜ.

ಕೆಳದಂಡೆಯಿಂದ ಆರಿಸಿಬಂದವನು ಕಾಡುಹುಂಜ ಜುಟ್ಟಪ್ಪ. ಅವನ ಗಂಟಲು ಗಟ್ಟಿ, ಪ್ರಶ್ನೆಗಳೂ ಗಟ್ಟಿ. ಅವನ ಹೆಂಡತಿ ನೀಲವ್ವ ಏರಿಯ ಬುಡದ ಪೊದೆಯಲ್ಲಿ ಮೊಟ್ಟೆಗಳ ಮೇಲೆ ಕಾವು ಕೂತಿದ್ದಳು. ಒಂದು ಬೆಳಗ್ಗೆ ಅವಳ ಹೊಟ್ಟೆಗೆ ತಣ್ಣಗೆ ತಾಗಿತು. ನೋಡಿದರೆ ಏರಿಯಿಂದ ನೀರು ಜಿನುಗುತ್ತಿತ್ತು.

“ರೀ, ಏರಿ ಸೋರ್ತಿದೆ. ನಾನು ಮೊಟ್ಟೆ ಬಿಟ್ಟು ಎಲ್ಲಿಗೆ ಹೋಗಲಿ? ಮಳೆ ಹಿಡಿಯೋದ್ರೊಳಗೆ ಅಲ್ಲಿಗೆ ಮಣ್ಣು ಮೆತ್ತಿಸಿ.”

“ಇವತ್ತೇ ಸದನದಲ್ಲಿ ಎತ್ತುತ್ತೀನಿ. ಸರ್ಕಾರಾನ ನಡುಗಿಸಿಬಿಡ್ತೀನಿ.”

“ನಡುಗಿಸೋದು ಬೇಡ. ಮಣ್ಣು ಮೆತ್ತಿಸಿದ್ರೆ ಸಾಕು.”

ಸದನ ಸೇರುತ್ತಿದ್ದುದು ಹೊಂಗೆ ಮರದ ಕೆಳಗೆ. ಜುಟ್ಟಪ್ಪ ಎದ್ದು ನಿಂತ.

“ಅಧ್ಯಕ್ಷರೇ! ಹೋದ ಚಳಿಗಾಲದಲ್ಲಿ ಉತ್ತರ ದೇಶದ ಹೆಬ್ಬಾತುಗಳನ್ನ ಕರೆಸಿ ಸಮಾವೇಶ ಮಾಡಿದ್ರಿ. ಅವರು ಇಲ್ಲೇ ನೆಲೆಸ್ತಾರೆ, ಕಾಡು ಉದ್ಧಾರ ಆಗುತ್ತೆ ಅಂದ್ರಿ. ಅವರು ಕಣಜದ ಕಾಳು ತಿಂದು, ಬಿಸಿಲು ಬಂದ ಕೂಡಲೇ ಹಾರಿಹೋದ್ರು. ಉದ್ಧಾರ ಎಲ್ಲಿ? ಏರಿ ಕಾಯೋಕೆ ನೀರುಕಾಗೆಗಳನ್ನ ನೇಮಿಸಿದ್ದೀರಿ. ಅವರು ಒಣಮರದ ಮೇಲೆ ಕೂತು ದಿನವಿಡೀ ರೆಕ್ಕೆ ಒಣಗಿಸ್ತಾರೆ. ಮಣ್ಣು ಮೆತ್ತೋ ಕೆಲಸಕ್ಕೆ ಮಾತ್ರ ಒಬ್ಬರನ್ನೂ ತಗೊಂಡಿಲ್ಲ. ಏರಿ ಸೋರ್ತಿದೆ. ಯಾವಾಗ ಮುಚ್ಚಿಸ್ತೀರಿ?”

ಇಂಥ ಒಳ್ಳೆಯ ಪ್ರಶ್ನೆಯನ್ನು ಆ ಸದನ ಅದುವರೆಗೆ ಕೇಳಿರಲಿಲ್ಲ. ನರಿಯಪ್ಪ ಎದ್ದ. ಹೇಳಲು ಅವನ ಬಳಿ ಏನೂ ಇರಲಿಲ್ಲ. ಬಾಲ ಸರಿಮಾಡಿಕೊಂಡ, ಕೆಮ್ಮಿದ, ಮತ್ತೆ ಬಾಲ ಸರಿಮಾಡಿಕೊಂಡ.

“ಮಾನ್ಯ ಸದಸ್ಯರು ಕೇಳಿರುವ ಪ್ರಶ್ನೆ ಬಹಳ ಮುಖ್ಯವಾದದ್ದು,” ಎಂದ.

“ಇದು ಉಡಾಫೆಯ ಉತ್ತರ! ಇದನ್ನ ಖಂಡಿಸಿ ಸಭಾತ್ಯಾಗ ಮಾಡ್ತೀನಿ!” ಎಂದು ಜುಟ್ಟಪ್ಪ ಕತ್ತು ಎತ್ತಿ, ಒಂದೊಂದೇ ಹೆಜ್ಜೆ ಇಡುತ್ತ ಹೊರಗೆ ನಡೆದುಬಿಟ್ಟ.

ಹೊರಗಿದ್ದ ಗೌಜಲಹಕ್ಕಿಗಳು “ಜುಟ್ಟಪ್ಪನಿಗೆ ಜೈ!” ಎಂದು ಕಾಡು ಕಿತ್ತುಹೋಗುವಂತೆ ಕೂಗಿದವು.

ಆ ಸದನಕ್ಕೊಂದು ನಿಯಮವಿತ್ತು. ಪ್ರಶ್ನೆ ಕೇಳಿದವನು ಜಾಗದಲ್ಲಿ ಕೂತಿದ್ದರೆ ಮಾತ್ರ ಉತ್ತರ. ಉತ್ತರ ಕೇಳಿ ಅವನು ‘ಆಗಬಹುದು’ ಅಂದರೆ ಮಾತ್ರ ಆದೇಶ. ಆಮೆಯಜ್ಜ ಕತ್ತು ಹೊರಗೆ ಚಾಚಿ, ಜುಟ್ಟಪ್ಪನ ಖಾಲಿ ಜಾಗವನ್ನು ನೋಡಿದ.

“ಕೇಳಿದವರು ಇಲ್ಲ. ಪ್ರಶ್ನೆ ಬಿದ್ದುಹೋಯಿತು,” ಎಂದು ಕತ್ತು ಒಳಗೆಳೆದುಕೊಂಡ.

ನರಿಯಪ್ಪ ಉಸ್ಸಪ್ಪಾ ಎಂದು ಕೂತ. ಅವನಿಗೆ ಜುಟ್ಟಪ್ಪನ ಮೇಲೆ ನಿಜವಾಗಿಯೂ ಪ್ರೀತಿ ಹುಟ್ಟಿತು.

ಮನೆಗೆ ಬಂದ ಗಂಡನನ್ನು ನೀಲವ್ವ ಕೇಳಿದಳು, “ಏನಾಯ್ತು ರೀ?”

“ಸರ್ಕಾರಕ್ಕೆ ಸರಿಯಾಗಿ ಮಂಗಳಾರತಿ ಎತ್ತಿದೆ ಕಣೇ!”

“ನರಿಯಪ್ಪ ಏನಂದ?”

“ಯಾರಿಗೆ ಗೊತ್ತು? ನಾನು ಹೊರಗೆ ಬಂದಿದ್ದೆನಲ್ಲ!”

“ಹಾಗಾದ್ರೆ ಮಣ್ಣು?”

“ಮಣ್ಣಿನ ವಿಷಯ ನಾಳೆ. ಗೌಜಲಹಕ್ಕಿಗಳು ಎಷ್ಟು ಹೊತ್ತು ಜೈ ಅಂದ್ರು ಗೊತ್ತಾ ನಿನಗೆ?”

ನೀಲವ್ವ ಮೊಟ್ಟೆಗಳನ್ನು ಒಣಗಿದ ಕಡೆಗೆ ಉರುಳಿಸಿಕೊಂಡಳು.

ಮರುದಿನವೂ ಇದೇ ಕತೆ, ಅದರ ಮರುದಿನವೂ ಇದೇ. ಪ್ರಶ್ನೆ ಒಂದಕ್ಕಿಂತ ಒಂದು ಚೆನ್ನ, ಸಭಾತ್ಯಾಗ ಒಂದಕ್ಕಿಂತ ಒಂದು ಗಂಭೀರ. ದಾರಿಯಲ್ಲಿ ಸಿಕ್ಕಾಗ ನರಿಯಪ್ಪ ಕೈಮುಗಿಯುತ್ತಿದ್ದ.

“ಶಾಸಕರೇ, ನಿಮ್ಮ ಹಾಗೆ ಎದ್ದುಹೋಗೋದು ಈ ಕಾಡಿನಲ್ಲಿ ಇನ್ನೊಬ್ಬರಿಗೆ ಬರೋಲ್ಲ. ಆ ನಡಿಗೆ ಏನು, ಆ ಕತ್ತು ಏನು!”

ಹೊಗಳಿ ಅಟ್ಟಕ್ಕೇರಿಸುವುದು ಅಂದರೆ ಇದೇ. ಹುಂಜಗಳಿಗೆ ಅಟ್ಟ ಹತ್ತುವುದು ಮೊದಲೇ ಇಷ್ಟ.

ಅಷ್ಟರಲ್ಲಿ ಮಳೆ ಹಿಡಿಯಿತು. ಜಿನುಗುತ್ತಿದ್ದ ನೀರು ಹರಿಯತೊಡಗಿತು. ಈಗ ಮುಖ್ಯಮಂತ್ರಿಗೂ ಹೆದರಿಕೆಯಾಯಿತು. ಏರಿ ಹೋದರೆ ಕೆರೆ ಖಾಲಿ, ಕೆರೆ ಖಾಲಿಯಾದರೆ ಮಲಗಲು ಕೆಸರೂ ಇಲ್ಲ. ಅವರು ನರಿಯಪ್ಪನನ್ನು ಕರೆಸಿದರು.

“ನಾಳೆ ಆ ಹುಂಜ ಕೇಳಿದ್ರೆ ಒಪ್ಪಿಕೋ. ಕಾಡುಹಂದಿಗಳನ್ನ ಕರೆಸಿ ನಿಲ್ಲಿಸಿರು. ಅವನು ‘ಆಗಬಹುದು’ ಅಂದ ಕೂಡಲೇ ಏರಿಗೆ ಮಣ್ಣು ಬೀಳಲಿ.”

“ಅವನು ಕೇಳೋದ್ಯಾಕೆ ಸ್ವಾಮಿ, ನಾವೇ ಇವತ್ತು ಮಾಡಿಸಿಬಿಡೋಣ?”

“ಕೇಳದೇನೇ ಕೆಲಸ ಮಾಡೋ ಅಭ್ಯಾಸ ಸರ್ಕಾರಕ್ಕೆ ಒಳ್ಳೇದಲ್ಲ,” ಎಂದು ಮುಖ್ಯಮಂತ್ರಿಗಳು ಮಗ್ಗುಲು ಬದಲಿಸಿದರು.

ಬೆಳಗ್ಗೆ ನೀಲವ್ವ ಗಂಡನನ್ನು ತಡೆದು ನಿಲ್ಲಿಸಿದಳು. ಅವಳ ಸುತ್ತ ಆಗಲೇ ಕಾಲು ಮುಳುಗುವಷ್ಟು ನೀರಿತ್ತು.

“ಇವತ್ತು ಮಾತ್ರ ಎದ್ದು ಬರಬೇಡಿ. ಮೊಟ್ಟೆಯೊಳಗೆ ಮರಿಗಳು ಮಿಸುಕಾಡ್ತಿವೆ. ನನ್ನಾಣೆ.”

“ನಿನ್ನಾಣೆಗೂ ಕೂತಿರ್ತೀನಿ,” ಎಂದ ಜುಟ್ಟಪ್ಪ. ಆಗ ಅವನು ಹೇಳಿದ್ದು ನಿಜವೇ ಆಗಿತ್ತು.

ಸದನದಲ್ಲಿ ಪ್ರಶ್ನೆ ಕೇಳಿ ಅವನು ಕೂತ. ಮರದ ಹಿಂದೆ ಕಾಡುಹಂದಿಗಳು ಮೂತಿ ನೆಟ್ಟಗೆ ಮಾಡಿಕೊಂಡು ಸಿದ್ಧವಾಗಿ ನಿಂತಿದ್ದವು. ನರಿಯಪ್ಪ ಎದ್ದ. ಈ ಸಲ ಅವನ ಬಳಿ ಉತ್ತರವಿತ್ತು. ಆದರೆ ಅವನು ಮಂತ್ರಿ. ಪೀಠಿಕೆ ಇಲ್ಲದೆ ವಿಷಯಕ್ಕೆ ಬರುವುದು ಅವನಿಗೆ ಗೊತ್ತಿರಲಿಲ್ಲ.

“ಮಾನ್ಯ ಸದಸ್ಯರು ಕೇಳಿರುವ ಪ್ರಶ್ನೆ ಬಹಳ ಮುಖ್ಯವಾದದ್ದು. ಕೆಳದಂಡೆಯ ಬಗ್ಗೆ ಈ ಸರ್ಕಾರಕ್ಕೆ ಅಪಾರ ಕಾಳಜಿ ಇದೆ…”

ಜುಟ್ಟಪ್ಪನ ಜುಟ್ಟು ಬಿಸಿಯಾಯಿತು. ಆದರೂ ಕೂತಿದ್ದ. ಹೊರಗೆ ಮಳೆಯಲ್ಲಿ ನೆನೆಯುತ್ತ ಕಾಯುತ್ತಿದ್ದ ಗೌಜಲಹಕ್ಕಿಗಳು ಕೂಗಿದವು, “ಜುಟ್ಟಪ್ಪಾ, ಹೊರಗೆ ಬನ್ನಿ! ಯಾಕಿಷ್ಟು ತಡ?”

ಅವನ ಒಂದು ಕಾಲು ತಾನಾಗಿ ಮೇಲೆದ್ದಿತು. ಕೆಳಗಿಟ್ಟ. “ಜೈ!” ಎಂದು ಇನ್ನೊಂದು ಕೂಗು ಬಂತು. ಅವನು ಎದ್ದೇಬಿಟ್ಟ.

“ಕೂತ್ಕೊಳ್ಳಿ ಮಾರಾಯರೇ, ಇನ್ನು ಎರಡೇ ಮಾತು!” ಎಂದು ನರಿಯಪ್ಪ ಬೇಡಿಕೊಂಡ. ಅವನು ಯಾರನ್ನಾದರೂ ಕೂರಲು ಹೇಳಿದ್ದು ಅದೇ ಮೊದಲು. “ಒಳ್ಳೆ ಸುದ್ದಿ ಇದೆ!”

“ನೋಡಿ ಅಧ್ಯಕ್ಷರೇ, ಮಂತ್ರಿಗಳು ನನ್ನ ಬಾಯಿ ಮುಚ್ಚಿಸ್ತಿದ್ದಾರೆ! ಸಭಾತ್ಯಾಗ!”

ಆಮೆಯಜ್ಜ ಕತ್ತು ಚಾಚಿದ. “ಕೇಳಿದವರು ಇಲ್ಲ. ಪ್ರಶ್ನೆ ಬಿದ್ದುಹೋಯಿತು.”

ಹಂದಿ ಮೇಸ್ತ್ರಿ ಮರದ ಹಿಂದಿನಿಂದ ಇಣುಕಿದ. “ಬುದ್ಧೀ, ಮಣ್ಣು ಹಾಕೋದಾ, ಬೇಡ್ವಾ?”

“ಪ್ರಶ್ನೆನೇ ಬಿತ್ತಲ್ಲಪ್ಪಾ. ಆದೇಶ ಎಲ್ಲಿಂದ ತರಲಿ?”

“ಸರಿ ಹಾಗಾದ್ರೆ,” ಎಂದು ಮೇಸ್ತ್ರಿ ತನ್ನವರನ್ನು ಕರೆದುಕೊಂಡು ಹೋದ.

ಮಧ್ಯಾಹ್ನ ಏರಿ ಒಡೆಯಿತು. ಆಗ ಜುಟ್ಟಪ್ಪ ಒಂದು ಮೋಟುಮರದ ಮೇಲೆ ನಿಂತು ಕಾಡುಮಲ್ಲಿಗೆಯ ಹಾರ ಹಾಕಿಸಿಕೊಳ್ಳುತ್ತಿದ್ದ. ಸದ್ದು ಕೇಳಿ ಹಾರವನ್ನು ಕಿತ್ತೆಸೆದು ಓಡಿದ. ನೀಲವ್ವ ಕತ್ತಿನ ಮಟ್ಟ ನೀರು ಬಂದರೂ ಮೊಟ್ಟೆ ಬಿಟ್ಟು ಎದ್ದಿರಲಿಲ್ಲ. ಅವನು ಅವಳನ್ನು ಎಳೆದು ಬಂಡೆಗೆ ಹತ್ತಿಸಿದ. ಮೊಟ್ಟೆಗಳು ಅವರ ಕಣ್ಣೆದುರಿಗೇ ತೇಲಿಹೋದವು.

“ನಾಳೆ ಸದನದಲ್ಲಿ ಇದನ್ನ…” ಎಂದು ಜುಟ್ಟಪ್ಪ ಬಾಯಿ ತೆರೆದ.

ಈಜಿಕೊಂಡು ಹೋಗುತ್ತಿದ್ದ ಹಂದಿ ಮೇಸ್ತ್ರಿ ಬಂಡೆಯ ಬಳಿ ನಿಂತ. “ಏನ್ ಶಾಸಕರೇ, ಮಣ್ಣು ಹೊಡೆಯೋಕೆ ನಾವು ಬೆಳಗ್ಗೆಯಿಂದ ಮರದ ಹಿಂದೆ ನಿಂತಿದ್ವಿ. ನೀವು ಕೂತಿದ್ದು ‘ಆಗಬಹುದು’ ಅಂದಿದ್ರೆ ಈ ಹೊತ್ತಿಗೆ ಏರಿ ಗಟ್ಟಿಯಾಗಿರ್ತಿತ್ತು,” ಎಂದು ಮುಂದೆ ಹೋದ.

ನೀಲವ್ವ ಗಂಡನ ಕಡೆ ತಿರುಗಿದಳು.

“ಇನ್ನೆರಡು ಮಾತು ಕೂತು ಕೇಳೋಕೆ ನಿಮಗೇನಾಗಿತ್ತು ರೀ?”

ಜುಟ್ಟಪ್ಪ ಅಭ್ಯಾಸಬಲದಿಂದ ಎದ್ದು, ಕತ್ತು ಎತ್ತಿ, ಒಂದು ಹೆಜ್ಜೆ ಮುಂದಿಟ್ಟ. ನಾಲ್ಕೂ ಕಡೆ ನೀರಿತ್ತು. ರೆಕ್ಕೆ ನೆನೆದು ಮುದ್ದೆಯಾಗಿತ್ತು. ಹಿಂದಕ್ಕೆ ಬಂದು ಹೆಂಡತಿಯ ಪಕ್ಕದಲ್ಲಿ ಕೂತ. ಅವಳು ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು.

ನೀತಿ: ಪ್ರಶ್ನೆ ಎಸೆದು ಎದ್ದುಹೋದವನಿಗೆ ಜೈಕಾರ ಸಿಗುತ್ತದೆ, ಕೆಲಸ ಆಗುವುದು ಉತ್ತರ ಬರುವತನಕ ಕೂತವನಿಂದ.