ಟಗರಿನ ತಲೆ ಪರೀಕ್ಷೆ

ಟಗರುಗಳು ಆಡುವ ಅಮೆರಿಕನ್ ಫುಟ್‌ಬಾಲ್ ಲೀಗಿನಲ್ಲಿ ಆಟಗಾರರ ಸುರಕ್ಷತೆಗೆಂದು ಹೊಸ ನಿಯಮ ಬಂತು. ಪಂದ್ಯಗಳು ಶುರುವಾಗುವ ಮೊದಲೇ ಪ್ರತಿ ಟಗರಿಗೂ ಕೆಲವು ಪ್ರಶ್ನೆ ಕೇಳಿ ಉತ್ತರ ಬರೆದಿಡಬೇಕು. ತಲೆಗೆ ಪೆಟ್ಟು ಬಿದ್ದಾಗ ಅವನ್ನೇ ಮತ್ತೆ ಕೇಳಬೇಕು. ಉತ್ತರ ಮೊದಲಿಗಿಂತ ಕೆಟ್ಟಿದ್ದರೆ ಆ ಟಗರು ಆಟದಿಂದ ಹೊರಗೆ.

ವೈದ್ಯ ಗೂಬೆ ಕರಿ ಟಗರನ್ನು ಕೂರಿಸಿಕೊಂಡು ಕೇಳಿತು, "ನಿಮ್ಮ ಹೆಸರು?"

"ಗೊತ್ತಿಲ್ಲ."

"ಇವತ್ತು ಯಾವ ವಾರ?"

"ಅದೂ ಗೊತ್ತಿಲ್ಲ."

ಗೂಬೆ ಶ್ರದ್ಧೆಯಿಂದ ಬರೆದುಕೊಂಡು ಮುಂದಿನ ಟಗರಿನ ಬಳಿ ಹೋಯಿತು.

ಬಾಗಿಲಲ್ಲಿ ನಿಂತಿದ್ದ ಗೆಳೆಯ ಕೆಂಪು ಟಗರು ನಕ್ಕಿತು. "ಏನಣ್ಣ, ಇಷ್ಟು ದಡ್ಡನಾ ನೀನು?"

"ದಡ್ಡ ನೀನು ಕಣೋ. ಈಗಲೇ ತಪ್ಪು ಹೇಳಿಟ್ಟರೆ ಆಮೇಲೆ ಯಾರೂ ನನ್ನನ್ನು ಹೊರಗೆ ಕೂರಿಸೋ ಹಾಗಿಲ್ಲ. ಈ ಸಲ ಫೈನಲ್ ಆಡಿಯೇ ಆಡ್ತೀನಿ."

ಕರಿ ಟಗರು ಫೈನಲ್ ಆಡಿತು. ಅರ್ಧ ಆಟದಲ್ಲಿ ಡಿಕ್ಕಿ ಹೊಡೆದು ಬಿತ್ತು. ಎದ್ದು ಹೋಗಿ ಎದುರಾಳಿಗಳ ಬೆಂಚಿನಲ್ಲಿ ಕುಳಿತಿತು. ಗೂಬೆ ಹಾರಿ ಬಂತು.

"ನಿಮ್ಮ ಹೆಸರು?"

"ಗೊತ್ತಿಲ್ಲ."

"ಇವತ್ತು ಯಾವ ವಾರ?"

"ಅದೂ ಗೊತ್ತಿಲ್ಲ."

"ಡಾಕ್ಟ್ರೇ, ಅವತ್ತು ಇವನು ನಾಟಕ ಆಡಿದ್ದ. ಇವತ್ತು ನಿಜವಾಗಿ ಗೊತ್ತಿಲ್ಲ!" ಎಂದು ಕೆಂಪು ಟಗರು ಕೂಗಿತು.

ಗೂಬೆ ಹಳೆಯ ಹಾಳೆ ತೆಗೆದು ಹೋಲಿಸಿ ನೋಡಿತು. "ಒಂದಕ್ಷರವೂ ಬದಲಾಗಿಲ್ಲ. ಇವರು ಮೊದಲಿನಷ್ಟೇ ಆರೋಗ್ಯವಾಗಿದ್ದಾರೆ" ಎಂದು ಸಹಿ ಹಾಕಿತು.

ಕರಿ ಟಗರು ಎದ್ದು ನಿಂತು ಗೆಳೆಯನನ್ನು ವಿನಯದಿಂದ ಕೇಳಿತು, "ಸ್ವಾಮಿ, ಮೈದಾನ ಯಾವ ಕಡೆ?"